ಪ್ರತಿ: ಅಟ್ಟದಲ್ಲಿ ಸಿಕ್ಕ ಬಾಲ್ಯದ ಮಾಯಾಲೋಕದ ಪುಸ್ತಕ
ವಿರಾಜಪೇಟೆ ಮನೆಯ ಅಟ್ಟದಿಂದ ಇಳಿಸಿದ ಕಥೆಪುಸ್ತಕ ತೆರೆದರೆ ಸೀನು ಬರುತ್ತೆ, ಹಾಳೆ ಅಂಟಿವೆ ಅಂದಿರಲ್ಲ, ಅದು ಬೂಷ್ಟು. ನಮ್ಮ ಮಳೆಗಾಲದಲ್ಲಿ ಗಾಳಿಯ ತೇವ ಶೇ. 70ರ ಮೇಲೆ ವಾರಗಟ್ಟಲೆ ನಿಂತರೆ ಕಾಗದ, ಬೈಂಡಿಂಗಿನ ಅಂಟು ಎರಡೂ ಅದಕ್ಕೆ ಊಟ.

ಮೊದಲು ಬೇರೆ ಪುಸ್ತಕಗಳಿಂದ ದೂರ ಇಡಿ. ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ. ಹಾಳೆ ಬೀಸಣಿಗೆ ಹಾಗೆ ಹರಡಿಕೊಳ್ಳುವಂತೆ ಪುಸ್ತಕ ನಿಲ್ಲಿಸಿ, ನೆರಳಲ್ಲಿ ಫ್ಯಾನ್ ಗಾಳಿಗೆ ಒಣಗಿಸಿ. ಒಲೆ ಪಕ್ಕ ಬೇಡ. ನಾನು ಇಟ್ಟು ರಟ್ಟು ಹಪ್ಪಳದ ಹಾಗೆ ಸೊಟ್ಟಗಾಯಿತು. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿ, ಅಂಗಳದಲ್ಲಿ ನಿಂತು, ಮೆತ್ತನೆ ಬ್ರಷ್‌ನಿಂದ ಹೊಲಿಗೆ ಕಡೆಯಿಂದ ಅಂಚಿಗೆ ಗುಡಿಸಿ. ವಾಸನೆಗೆ, ಮುಚ್ಚಳದ ಡಬ್ಬದಲ್ಲಿ ಒಂದು ಬಟ್ಟಲು ಅಡುಗೆ ಸೋಡಾ, ಪಕ್ಕದಲ್ಲಿ ಪುಸ್ತಕ, ಒಂದು ವಾರ. ಕಂದು ಕಲೆ ಹೋಗೋದು ಅನುಮಾನ. ನುಣುಪು ಕಾಗದದ ಚಿತ್ರಪುಟ ಅಂಟಿದ್ದರೆ ಎಳೆಯಬೇಡಿ, ಬಣ್ಣವೇ ಕಿತ್ತು ಬರುತ್ತೆ.

ಇನ್ನು, ಓದಿದರೆ ಆಗಿನ ಮಜಾ ಇಲ್ಲ ಅಂದಿದ್ದೀರಿ. ಆಗ ಅಕ್ಷರ ಕೂಡಿಸಿ ಓದ್ತಿದ್ದಿರಿ, ಈಗ ಕಣ್ಣು ಓಡುತ್ತೆ, ಅಷ್ಟೇ ಇರಬೇಕು. ದಿನಕ್ಕೆ ಒಂದೇ ಅಧ್ಯಾಯ, ಗಟ್ಟಿಯಾಗಿ ಓದಿ. ಮನೆಯಲ್ಲಿ ಮಗು ಇದ್ದರೆ ಪಕ್ಕ ಕೂರಿಸಿಕೊಳ್ಳಿ. ನನ್ನ ಬಾಲ್ಯದ ಕಥೆಪುಸ್ತಕ ಹೀಗೆ ಓದಿದಾಗ ನನಗೆ ಮೂರನೇ ದಿನ ಹಿಡಿಸಿತು, ಕಥೆಯ ರಾಕ್ಷಸನ ಗುಹೆ ಮಾತ್ರ ಸ್ವಲ್ಪ ಚಿಕ್ಕದಾಗಿಬಿಟ್ಟಿತ್ತು.