ಕೇಳುವ ಹೃದಯವನ್ನು ಕೇಳಿಕೊಂಡವನು

ಪ್ರಶ್ನೆ: ನಮ್ಮ ಸಭೆಯಲ್ಲಿ ಹನ್ನೆರಡು-ಹದಿಮೂರು ವಯಸ್ಸಿನ ಮಕ್ಕಳಿಗೆ ಭಾನುವಾರ ಪಾಠ ಹೇಳುತ್ತೇನೆ. ಬೈಬಲಿನ ಅರಸ ಸೊಲೊಮೋನನ ಕಥೆ ಮುಗಿಸಿದ ದಿನ ಒಬ್ಬ ಹುಡುಗ ಎದ್ದುನಿಂತು, "ದೇವರೇ ಜ್ಞಾನ ಕೊಟ್ಟ ಮೇಲೂ ಅವನು ಕೆಟ್ಟದ್ದು ಹೇಗೆ ಮಿಸ್? ಕೊಟ್ಟದ್ದನ್ನು ದೇವರು ಹಿಂದಕ್ಕೆ ತೆಗೆದುಕೊಂಡರಾ?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಮನೆಯಲ್ಲಿ ಹೇಳಿದರೆ, ಜಮೀನು ವ್ಯವಹಾರ ಮಾಡುವ ನಮ್ಮ ಅಣ್ಣ ನಕ್ಕುಬಿಟ್ಟರು. "ದೇವರ ಬುದ್ಧಿ ಭಾನುವಾರಕ್ಕೆ. ಸೋಮವಾರಕ್ಕೆ ಬೇರೆಯದೇ ಬೇಕು. ಸೊಲೊಮೋನನಿಗೂ ಇದು ಗೊತ್ತಿತ್ತು" ಎಂದರು. ಈ ಇಬ್ಬರಿಗೂ ಏನು ಹೇಳಲಿ?

ಉತ್ತರ: ನಿಮ್ಮ ಅಣ್ಣನವರಿಂದಲೇ ಶುರು ಮಾಡೋಣ, ಅವರ ಮಾತಿನಲ್ಲಿ ಅರ್ಧ ನಿಜವಿದೆ. ಸೋಮವಾರದ ಬುದ್ಧಿ ಸೊಲೊಮೋನನಿಗೆ ಧಾರಾಳವಾಗಿತ್ತು, ಅದೂ ದೇವರು ಕನಸಿನಲ್ಲಿ ಬರುವುದಕ್ಕೆ ಮೊದಲೇ. ಭಾನುವಾರದ ಪಾಠಗಳಲ್ಲಿ ನಾವು ಹಾರಿಸಿಬಿಡುವ 1 ಅರಸುಗಳು ಎರಡನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಸಾಯುವ ಹೊತ್ತಿನಲ್ಲಿ ದಾವೀದ ಮಗನನ್ನು ಕರೆದು ಹಳೆಯ ಲೆಕ್ಕ ಒಪ್ಪಿಸುತ್ತಾನೆ. ತನ್ನ ಸೇನಾಪತಿ ಯೋವಾಬನ ವಿಷಯದಲ್ಲಿ 'ನಿನ್ನ ಜ್ಞಾನಕ್ಕೆ ತೋರಿದಂತೆ ಮಾಡು' ಎನ್ನುತ್ತಾನೆ. ಹಿಂದೆ ತನ್ನನ್ನು ಶಪಿಸಿದ್ದ ಶಿಮ್ಮೀಯ ವಿಷಯದಲ್ಲಿ 'ನೀನು ಜ್ಞಾನಿ, ಏನು ಮಾಡಬೇಕೆಂದು ನಿನಗೆ ಗೊತ್ತು' ಎನ್ನುತ್ತಾನೆ. ಸೊಲೊಮೋನನ ಕಥೆಯಲ್ಲಿ 'ಜ್ಞಾನ' ಎಂಬ ಪದ ಮೊದಲು ಬರುವುದೇ ಇಲ್ಲಿ, ಯಾರನ್ನು ಹೇಗೆ ಮುಗಿಸಬೇಕು ಎಂಬ ಮಾತಿನ ನಡುವೆ!

ಮಗನೂ ಜಾಣನೇ. ಶಿಮ್ಮೀಯನ್ನು ತಕ್ಷಣ ಕೊಲ್ಲಲಿಲ್ಲ. ಯೆರೂಸಲೇಮಿನಲ್ಲಿ ಮನೆ ಕಟ್ಟಿಕೊಂಡು ಇರು, ಊರು ಬಿಟ್ಟು ಎಲ್ಲಿಗೂ ಹೋಗಬೇಡ, ಕಿದ್ರೋನ್ ಹಳ್ಳ ದಾಟಿದ ದಿನ ಸತ್ತೆ ಎಂದು ತಿಳಿ ಎಂದ. ಮೂರು ವರ್ಷದ ಮೇಲೆ ಶಿಮ್ಮೀಯ ಇಬ್ಬರು ಆಳುಗಳು ಗತ್ ಊರಿಗೆ ಓಡಿಹೋದರು. ಅವನು ಕತ್ತೆಗೆ ತಡಿ ಹಾಕಿಸಿ ಹೋಗಿ ಅವರನ್ನು ಕರೆತಂದ. ಕಿದ್ರೋನ್ ಇರುವುದು ಊರಿನ ಪೂರ್ವಕ್ಕೆ, ಗತ್ ಇರುವುದು ಪಶ್ಚಿಮಕ್ಕೆ. ಪಾಪ, ಅವನು ಆ ಹಳ್ಳ ದಾಟಿರಲೇ ಇಲ್ಲ. ಆದರೆ ಆಜ್ಞೆಯಲ್ಲಿ 'ಎಲ್ಲಿಗೂ' ಎಂಬ ಮಾತಿತ್ತಲ್ಲ, ಅಷ್ಟು ಸಾಕಾಯಿತು. ಅರಸನ ಆಜ್ಞೆಯಂತೆ ಅವನ ಆಪ್ತ ಬೆನಾಯ ಶಿಮ್ಮೀಯನ್ನು ಕೊಂದ. ಕರಾರು ಬರೆಸುವುದರಲ್ಲಿ ಪಳಗಿದ ನಿಮ್ಮ ಅಣ್ಣನವರಿಗೆ ಈ ಜಾಣತನ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟೆಲ್ಲ ಬುದ್ಧಿ ಇದ್ದವನೇ ಮೂರನೆಯ ಅಧ್ಯಾಯದಲ್ಲಿ, ಏನು ಬೇಕೋ ಬೇಡಿಕೋ ಎಂದು ದೇವರು ಹೇಳಿದ ಗಿಬ್ಯೋನಿನ ಕನಸಿನಲ್ಲಿ, 'ನಾನು ಇನ್ನೂ ಚಿಕ್ಕವನು, ಹೋಗುವುದು ಬರುವುದು ಗೊತ್ತಿಲ್ಲ' ಎನ್ನುತ್ತಾನೆ. ಅವನು ಬೇಡಿಕೊಂಡದ್ದನ್ನು ನಮ್ಮ ಸತ್ಯವೇದದಲ್ಲಿ 'ವಿವೇಕ' ಎಂದು ಓದುತ್ತೇವೆ. ಹೀಬ್ರೂ ಮೂಲದಲ್ಲಿರುವುದು 'ಲೇವ್ ಶೋಮೇಅ', ಎಂದರೆ ಕೇಳುವ ಹೃದಯ. ಕನ್ನಡದಲ್ಲಿ ಬೇಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಸೊಲೊಮೋನ ಕೇಳಿದ್ದು ಕೇಳುವುದನ್ನು.

ಆ ವರ ಕೆಲಸ ಮಾಡುವುದನ್ನು ಮುಂದಿನ ದೃಶ್ಯದಲ್ಲೇ ನೋಡಬಹುದು. ಇಬ್ಬರು ಸೂಳೆಯರು, ಒಂದು ಸತ್ತ ಕೂಸು, ಒಂದು ಬದುಕಿದ ಕೂಸು. ಬದುಕಿದ್ದು ತನ್ನದೆಂದು ಇಬ್ಬರೂ ಹೇಳುತ್ತಾರೆ. ಪಾಠ ಹೇಳುವಾಗ ನಾವು, ಕೂಸನ್ನು ಎರಡು ಹೋಳು ಮಾಡಿ ಎಂದು ಅರಸ ತರಿಸುವ ಕತ್ತಿಗೆ ನೇರ ಹೋಗಿಬಿಡುತ್ತೇವೆ. ಆದರೆ ಕತ್ತಿ ತರಿಸುವ ಮುಂಚೆ ಅರಸ ಒಂದು ಸಣ್ಣ ಕೆಲಸ ಮಾಡುತ್ತಾನೆ: 'ಬದುಕಿರುವುದು ನನ್ನದು, ಸತ್ತದ್ದು ನಿನ್ನದು ಎಂದು ಇವಳು ಹೇಳುತ್ತಾಳೆ, ಅಲ್ಲ, ಸತ್ತದ್ದು ನಿನ್ನದು, ಬದುಕಿರುವುದು ನನ್ನದು ಎಂದು ಅವಳು ಹೇಳುತ್ತಾಳೆ' ಎಂದು ಇಬ್ಬರ ಮಾತನ್ನೂ ತಾನೇ ಮತ್ತೊಮ್ಮೆ ಹೇಳುತ್ತಾನೆ. ಊರಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇಬ್ಬರು ಹೆಂಗಸರ ಮಾತು ಅರಸನ ಬಾಯಲ್ಲಿ ಹಾಗೆಯೇ ತಿರುಗಿ ಬಂತು. ನನಗೆ ಕತ್ತಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಇನ್ನು ನಿಮ್ಮ ವಿದ್ಯಾರ್ಥಿಯ ಪ್ರಶ್ನೆ. ದೇವರು ಜ್ಞಾನವನ್ನು ಹಿಂದಕ್ಕೆ ತೆಗೆದುಕೊಂಡರು ಎಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಸೊಲೊಮೋನ ದಡ್ಡನಾಗಲೂ ಇಲ್ಲ. ಮುಂದೆ ಅವನು ಇಟ್ಟ ಹೆಜ್ಜೆಗಳೆಲ್ಲ ರಾಜಕಾರಣಕ್ಕೆ ಸರಿಯಾದವೇ. ತೂರಿನ ಅರಸ ಹೀರಾಮನಿಗೆ ವರ್ಷಕ್ಕೆ 20,000 ಕೋರ್ (ಆ ಕಾಲದ ಧಾನ್ಯದ ಅಳತೆ) ಗೋಧಿ ಕೊಟ್ಟು ಲೆಬನೋನಿನ ದೇವದಾರು ತರಿಸಿದ. ಐಗುಪ್ತದಿಂದ 150 ಶೆಕೆಲ್ ಬೆಳ್ಳಿಗೆ ಒಂದರಂತೆ ಕುದುರೆ ತರಿಸಿದ. ಮದುವೆ ಎಂದರೆ ಆ ಕಾಲಕ್ಕೆ ಗಡಿ ಒಪ್ಪಂದ, ಫರೋಹನ ಮಗಳಿಂದ ಶುರುವಾದದ್ದು 700 ರಾಣಿಯರಿಗೆ ಹೋಗಿ ಮುಟ್ಟಿತು. ರಾಣಿ ಬಂದ ಮೇಲೆ ಅವಳ ದೇವರು ಬೇಡ ಎನ್ನಲಾಗುತ್ತದೆಯೇ? ಯೆರೂಸಲೇಮಿನ ಎದುರು ಗುಡ್ಡದ ಮೇಲೆ ಮೋವಾಬ್ಯರ ದೇವರು ಕೆಮೋಷನಿಗೂ ಜಾಗವಾಯಿತು.

ಇದರ ಖರ್ಚು ಬಿದ್ದದ್ದು ಯಾರ ಮೇಲೆ? ಐದನೆಯ ಅಧ್ಯಾಯದಲ್ಲಿ 'ಯೆಹೋವನು ಸೊಲೊಮೋನನಿಗೆ ಜ್ಞಾನ ಕೊಟ್ಟನು' ಎಂಬ ವಾಕ್ಯದ ಬೆನ್ನಿಗೇ ಬರುವುದು 30,000 ಬಿಟ್ಟಿಯಾಳುಗಳ ಲೆಕ್ಕ. ಅವರು ಒಂದು ತಿಂಗಳು ಲೆಬನೋನಿನಲ್ಲಿ, ಎರಡು ತಿಂಗಳು ಮನೆಯಲ್ಲಿ ಇರುತ್ತಿದ್ದರು. ಜೊತೆಗೆ ಹೊರೆ ಹೊರುವವರು 70,000, ಕಲ್ಲು ಕಡಿಯುವವರು 80,000. ದೇವಾಲಯಕ್ಕೆ 7 ವರ್ಷ ಹಿಡಿದರೆ ಅರಸನ ಸ್ವಂತ ಮನೆಗೆ 13. ಕೊನೆಗೆ ಗಲಿಲಾಯದ 20 ಊರುಗಳನ್ನೇ ಹೀರಾಮನಿಗೆ ಕೊಟ್ಟುಬಿಟ್ಟ. ಅಲ್ಲಿನ ಜನ ಏನೆಂದರೋ, ಅವರನ್ನು ಯಾರೂ ಕೇಳಿದಂತಿಲ್ಲ. ಹೀರಾಮ ಮಾತ್ರ ಊರುಗಳನ್ನು ನೋಡಿ ಮೂಗು ಮುರಿದ.

ಆ ಇಬ್ಬರು ಹೆಂಗಸರ ನಂತರ ಅರಸುಗಳ ಗ್ರಂಥದಲ್ಲಿ ಸೊಲೊಮೋನನ ಮುಂದೆ ಸಾಮಾನ್ಯ ಪ್ರಜೆಯೊಬ್ಬರು ನಿಂತು ಮಾತನಾಡಿದ್ದು ಬರುವುದಿಲ್ಲ. ಹೀರಾಮನ ದೂತರು ಬರುತ್ತಾರೆ, ಶೆಬದ ರಾಣಿ ಬಂದು ಹೊಗಳುತ್ತಾಳೆ. ಜನರ ದನಿ ಮತ್ತೆ ಕೇಳುವುದು ಅವನು ಸತ್ತ ಮೇಲೆ, ಶೆಕೆಮಿನಲ್ಲಿ: 'ನಿನ್ನ ತಂದೆ ನಮ್ಮ ನೊಗ ಭಾರಮಾಡಿದ.' ಮಗ ರೆಹಬ್ಬಾಮ ಹಿರಿಯರ ಮಾತು ತಳ್ಳಿ, ಜೊತೆಗೆ ಬೆಳೆದವರ ಮಾತು ಹಿಡಿದು, ಅಪ್ಪ ನಿಮ್ಮ ನೊಗ ಭಾರಮಾಡಿದ, ನಾನು ಅದನ್ನು ಇನ್ನೂ ಭಾರಮಾಡುತ್ತೇನೆ ಎಂದ. ರಾಜ್ಯ ಎರಡು ಹೋಳಾಯಿತು. ಬೇರೆಯಾದ ಹತ್ತು ಕುಲಗಳಿಗೆ ಅರಸನಾದ ಯಾರೊಬ್ಬಾಮ ಒಂದು ಕಾಲಕ್ಕೆ ಸೊಲೊಮೋನನ ಬಿಟ್ಟಿಯಾಳುಗಳ ಮೇಲ್ವಿಚಾರಕನಾಗಿದ್ದವನು.

ಹೀಗಾಗಿ ಭಾನುವಾರಕ್ಕೊಂದು, ಸೋಮವಾರಕ್ಕೊಂದು ಎಂಬ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ಲೌಕಿಕ ಬುದ್ಧಿ ಬೇಡ ಎಂದೂ ಹೇಳುವುದಿಲ್ಲ. ಮರ, ಗೋಧಿ, ಕರಾರು ಇಲ್ಲದೆ ದೇವಾಲಯವೂ ಏಳುತ್ತಿರಲಿಲ್ಲ. ಮೇಲಿನಿಂದ ಬರುವ ಜ್ಞಾನದ ಗುಣಗಳನ್ನು ಯಾಕೋಬನು ತನ್ನ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಹೇಳುವಾಗ, ಇನ್ನೊಬ್ಬರ ಮಾತಿಗೆ ಒಪ್ಪುವ ಗುಣವನ್ನೂ ಸೇರಿಸುತ್ತಾನೆ. ನಿಮ್ಮ ಅಣ್ಣನವರನ್ನು ಬೇಸರವಾಗದಂತೆ ಇಷ್ಟು ಕೇಳಿ: ಜಮೀನು ಮಾರಿದವನು ಮುಂದಿನ ವರ್ಷ ಏನೋ ಹೇಳಿಕೊಳ್ಳಲು ಬಂದರೆ, ಅವನು ನಿಮ್ಮ ಮನೆಯ ಗೇಟು ದಾಟಿ ಒಳಗೆ ಬರಬಹುದೇ?

ಹುಡುಗನಿಗೆ ಉತ್ತರ ಹೇಳಿಬಿಡಬೇಡಿ. ಧರ್ಮೋಪದೇಶಕಾಂಡ 17ನೆಯ ಅಧ್ಯಾಯವನ್ನೂ 1 ಅರಸುಗಳು 10 ಮತ್ತು 11ನೆಯ ಅಧ್ಯಾಯಗಳನ್ನೂ ಒಟ್ಟಿಗೆ ಓದಲು ಕೊಡಿ. ಅರಸ ಬಹಳ ಕುದುರೆ ಇಟ್ಟುಕೊಳ್ಳಬಾರದು, ಅದಕ್ಕಾಗಿ ಐಗುಪ್ತಕ್ಕೆ ಜನರನ್ನು ಕಳಿಸಬಾರದು, ಬಹಳ ಹೆಂಡಿರು ಬೇಡ, ಬೆಳ್ಳಿಬಂಗಾರದ ರಾಶಿ ಬೇಡ, ಧರ್ಮಶಾಸ್ತ್ರದ ಒಂದು ಪ್ರತಿಯನ್ನು ಬರೆದುಕೊಂಡು ದಿನಾಲೂ ಓದಬೇಕು ಎಂದು ಮೊದಲನೆಯದರಲ್ಲಿದೆ. ಒಂದು ಪೆನ್ಸಿಲ್ ಕೊಟ್ಟು, ಸೊಲೊಮೋನ ಇವುಗಳಲ್ಲಿ ಯಾವುದನ್ನು ಪಾಲಿಸಿದ ಎಂದು ಗುರುತು ಹಾಕಲು ಹೇಳಿ.