ಫ್ಲೆಮಿಶ್ ವರ್ಜಿನಲ್ ಕಟ್ಟಲು ತೇಗ, ಪ್ಲೈವುಡ್, ಪಿಯಾನೋ ತಂತಿ ಬೇಡ

ನಮಸ್ಕಾರ ಸರ್. ಆರು ಅಡಿಯ ಫ್ಲೆಮಿಶ್ ವರ್ಜಿನಲ್, ಅಂದರೆ ಮನೆ (ಕೀ) ಒತ್ತಿದರೆ ತಂತಿ ಮೀಟುವ ಪೆಟ್ಟಿಗೆಯ ವಾದ್ಯ, ಕಟ್ಟಬೇಕು ಅಂದಿದ್ದೀರಿ. ಸಾಗರದ ಮನೆಯಲ್ಲಿ ತೇಗ ಇದೆ, ತಂತಿಯ ಕಂಪನವನ್ನು ದನಿಯಾಗಿ ಹೊಮ್ಮಿಸುವ ನಾದದ ಹಲಗೆಗೆ 6 ಮಿ.ಮೀ. ಪ್ಲೈವುಡ್ ನಡೆಯುತ್ತದೆಯೇ, ಪಿಯಾನೋ ತಂತಿ ಬಿಗಿಯಲೇ ಅಂತ ಕೇಳಿದ್ದೀರಿ. ಮೂರೂ ಬೇಡ. ಕಾರಣ ಒಂದೇ: ಈ ವಾದ್ಯ ಹಗುರವಾಗಿದ್ದರೆ ಮಾತ್ರ ಹಾಡುತ್ತದೆ. ಬಾಗಿಲು, ಮಂಚ ಮಾಡಿದ ಕೈಗೆ ಇದನ್ನು ಒಪ್ಪುವುದು ಕಷ್ಟ. ನನಗೂ ಕಷ್ಟವಾಗಿತ್ತು.

ನಾನು ನೆದರ್ಲೆಂಡ್ಸ್‌ಗೆ ಬಂದ ಮೇಲೆ ಇದರ ಹುಚ್ಚು ಹಿಡಿಸಿಕೊಂಡವನು. ಮೊದಲ ವರ್ಜಿನಲ್‌ನ ಹಲಗೆ ಬಾಗೀತು ಎಂಬ ಭಯದಲ್ಲಿ 5 ಮಿ.ಮೀ. ಉಳಿಸಿದೆ. ತಂತಿ ಮೀಟಿದರೆ ಸ್ವರ ಹುಟ್ಟಿದಲ್ಲೇ ಸತ್ತುಹೋಗುತ್ತಿತ್ತು. ಹಲಗೆ ಬಿಚ್ಚಿ, ನಡುವೆ 3 ಮಿ.ಮೀ., ಅಂಚಿನ ಕಡೆ ಇನ್ನೂ ತೆಳುವಾಗಿ ತೋಪಡ ಹೊಡೆದು ಮತ್ತೆ ಕೂರಿಸಿದಾಗ ಅದೇ ತಂತಿಗಳು ಮಾತಾಡಿದವು. ಬಿಚ್ಚಲು ಸಾಧ್ಯವಾಗಿದ್ದು ಮರವಜ್ರ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಹಾಕಿದ್ದರಿಂದ. ಅದು ಬಿಸಿ, ತೇವ ತಾಗಿದರೆ ಬಿಡುತ್ತದೆ. ದಯವಿಟ್ಟು ಫೆವಿಕಾಲ್ ಹಾಕಬೇಡಿ.

ಈ ವಾದ್ಯಗಳ ತವರು ಈಗಿನ ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯದ ಆಂಟ್‌ವರ್ಪ್. ವಾದ್ಯ ಕಟ್ಟುವ ಹಾನ್ಸ್ ರುಕರ್ಸ್ 1579ರಲ್ಲಿ ಅಲ್ಲಿನ ಸಂತ ಲ್ಯೂಕ್ ಸಂಘ ಎಂಬ ಕುಶಲಿಗರ ಕೂಟ ಸೇರಿದ. ಮಕ್ಕಳಾದ ಯೊಹಾನ್ನೆಸ್, ಆಂಡ್ರಿಯಾಸ್ ಅದೇ ಕಸುಬು ಮುಂದುವರಿಸಿದರು. ಅವರು ಪೆಟ್ಟಿಗೆಗೆ ಬಳಸಿದ್ದು ಪಾಪ್ಲರ್ ಎಂಬ ಹಗುರ ಮರ, ನಾದದ ಹಲಗೆಗೆ ಸ್ಪ್ರೂಸ್ ಎಂಬ ಚಳಿನಾಡಿನ ಸೂಚಿಪರ್ಣಿ ಮರ. ಪಾಪ್ಲರ್ ನಮ್ಮ ದೇಶದಲ್ಲೂ ಸಿಗುತ್ತದೆ, ಪಂಜಾಬ್, ಹರಿಯಾಣ ಕಡೆ ಪ್ಲೈವುಡ್‌ಗೆಂದೇ ಬೆಳೆಯುತ್ತಾರೆ. ಗೋಡೆಗಳು 13-14 ಮಿ.ಮೀ. ಇದ್ದರೆ ಸಾಕು. ಸ್ಪ್ರೂಸ್‌ಗೆ ಒಂದು ದಾರಿ, ಕೆಟ್ಟುಹೋದ ಹಳೆ ಪಿಯಾನೋದ ನಾದಹಲಗೆ. ಅದು ಹೆಚ್ಚಾಗಿ ಸ್ಪ್ರೂಸೇ, ಚೆನ್ನಾಗಿ ಒಣಗಿರುತ್ತದೆ. ಸೀಳಿ, ಜೋಡಿಸಿ, ತೆಳು ಮಾಡಿಕೊಳ್ಳಿ. ತುದಿಯಿಂದ ನೋಡಿದಾಗ ಮರದ ವರ್ಷದ ಗೆರೆಗಳು ನೆಟ್ಟಗೆ ನಿಂತಿರಬೇಕು, ಮಲಗಿರಬಾರದು.

ಹಲಗೆ ಅಂಟಿಸುವ ದಿನ ಬಹಳ ಮುಖ್ಯ. ನಿಮ್ಮಲ್ಲಿ ಆಷಾಢ, ಶ್ರಾವಣದಲ್ಲಿ ಮರ ನೀರು ಕುಡಿದು ಹಿಗ್ಗಿರುತ್ತದೆ. ಆಗ ಅಂಟಿಸಿದರೆ ಬೇಸಿಗೆಯಲ್ಲಿ ಕುಗ್ಗಲು ಜಾಗವಿಲ್ಲದೆ ಸೀಳುತ್ತದೆ. ಫೆಬ್ರವರಿ-ಮಾರ್ಚ್‌ವರೆಗೆ ಕಾಯಿರಿ. ಒಣಗಿದ ಸ್ಥಿತಿಯಲ್ಲಿ ಅಂಟಿಸಿದ ಹಲಗೆ ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತದೆ, ಅಷ್ಟೇ.

ಇಟಲಿಯವರು ತಳದ ಹಲಗೆಯಿಂದ ಶುರು ಮಾಡಿ ಮೇಲಕ್ಕೆ ಕಟ್ಟುತ್ತಿದ್ದರು. ಫ್ಲೆಮಿಶ್ ಕುಶಲಿಗರು ಗೋಡೆ, ಒಳಗಿನ ಅಡ್ಡಪಟ್ಟಿ, ನಾದಹಲಗೆ ಎಲ್ಲ ಕೂರಿಸಿ ತಳವನ್ನು ಕೊನೆಗೆ ಮುಚ್ಚುತ್ತಿದ್ದರು. ನೀವೂ ಹಾಗೇ ಮಾಡಿ. ಹಲಗೆಯನ್ನು ಬೆರಳಿನಿಂದ ತಟ್ಟಿ ಕೇಳಿ, ಒಳಗಿನ ಪಕ್ಕೆಗಳನ್ನು (ಹಲಗೆಯ ಒಳಮೈಗೆ ಅಂಟಿಸಿದ ಪಟ್ಟಿಗಳನ್ನು) ಉಳಿಯಿಂದ ಇನ್ನಷ್ಟು ತೆಳು ಮಾಡಲು ಆಗ ಅವಕಾಶವಿರುತ್ತದೆ.

ತಂತಿ: ಮೇಲಿನ ಸ್ವರಗಳಿಗೆ ಮೆದು ಕಬ್ಬಿಣ, ಕೆಳಗಿನ ಸ್ವರಗಳಿಗೆ ಹಿತ್ತಾಳೆ. ಪಿಯಾನೋದ ಉಕ್ಕು ಇದಕ್ಕೆ ಅತಿ ಬಿರುಸು. ರುಕರ್ಸ್‌ನ ದೊಡ್ಡ ವಾದ್ಯಗಳಲ್ಲಿ ನಡು ಸಿ (ಮನೆಗಳ ಸಾಲಿನ ಮಧ್ಯದ ಸಿ ಸ್ವರ) ಗಿಂತ ಒಂದು ಸ್ಥಾಯಿ ಮೇಲಿನ ಸಿ ತಂತಿ ಸುಮಾರು 355 ಮಿ.ಮೀ. ಉದ್ದ. ಲೆಕ್ಕವೆಲ್ಲ ಅಲ್ಲಿಂದ ಶುರು. ಹಾರ್ಮೋನಿಯಂ ಹಾಗೆ ಮನೆಗಳಿದ್ದರೂ ಪ್ರತಿ ಮನೆಯ ಹಿಂದೆ ಜ್ಯಾಕ್ ಎಂಬ ಒಂದು ತೆಳು ಮರದ ಪಟ್ಟಿ ನಿಂತಿರುತ್ತದೆ, ಅದರ ಗರಿ ತಂತಿ ಮೀಟುತ್ತದೆ. ರುಕರ್ಸ್ ಕುಟುಂಬದವರು ಕಾಗೆ ಜಾತಿಯ ಹಕ್ಕಿಗಳ ಗರಿ ಬಳಸುತ್ತಿದ್ದರು, ಈಗ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಸಾಕು. ಒಟ್ಟು 45 ಜ್ಯಾಕ್. ಇದರಲ್ಲೇ ತಿಂಗಳುಗಳು ಹೋಗುತ್ತವೆ.

ನಿಮ್ಮ ನಕ್ಷೆಯಲ್ಲಿ ಮನೆಗಳು ಬಲಕ್ಕಿದ್ದರೆ ಅದು ಮ್ಯೂಸೆಲಾರ್ ಎಂಬ ಬಗೆಯ ವರ್ಜಿನಲ್. ತಂತಿಯ ನಡುಭಾಗದಲ್ಲೇ ಮೀಟುವುದರಿಂದ ಕೊಳಲಿನಂಥ ದುಂಡು ದನಿ. ಮಂದ್ರದಲ್ಲಿ ಮಾತ್ರ ವೇಗ ಸಾಲದು. ಅದು ಹಂದಿಮರಿಗಳ ಹಾಗೆ ಗುರುಗುಟ್ಟುತ್ತದೆ ಎಂದು ಡಚ್ ಸಂಗೀತಗಾರ ಫಾನ್ ಬ್ಲಾಂಕೆನ್‌ಬುರ್ಗ್ 1739ರಲ್ಲಿ ದೂರಿದ್ದ. ಆದರೂ ನನ್ನ ಪ್ರೀತಿ ಅದರ ಮೇಲೆಯೇ. ಆರ್ಪಿಕೋರ್ಡಂ ಎಂಬ ಪಟ್ಟಿ ಸರಿಸಿದರೆ ಸಣ್ಣ ಲೋಹದ ಕೊಕ್ಕೆಗಳು ಮಂದ್ರದ ತಂತಿಗಳಿಗೆ ತಾಗಿ ಝೇಂಕಾರ ಏಳುತ್ತದೆ. ಮೊದಲ ಸಲ ಕೇಳಿದಾಗ ನೆನಪಾಗಿದ್ದು ತಂಬೂರಿ, ಅದರ ಕುದುರೆಯ ಮೇಲಿನ ಜೀವದ ದಾರ.

ಒಂದು ಸಲಹೆ. ಆರು ಅಡಿಯದ್ದಕ್ಕೆ ಮೊದಲು ಒಂದು ಹೊಮ್ಮೆಲ್ ಕಟ್ಟಿ. ಫ್ಲಾಂಡರ್ಸ್‌ನ ಜನಪದ ವಾದ್ಯ: ಉದ್ದನೆಯ ಕಿರಿದಾದ ಪೆಟ್ಟಿಗೆ, ರಾಗದ ತಂತಿಗಳ ಕೆಳಗೆ ಲೋಹದ ಮೆಟ್ಟಿಲು, ಪಕ್ಕದಲ್ಲಿ ಶ್ರುತಿಯ ತಂತಿಗಳು. ತೆಳು ಹಲಗೆಗೆ ಅಂಟು ಹಾಕುವುದು, ಕುದುರೆ ಕೂರಿಸುವುದು, ಬಿರಡೆ ಬಿಗಿಯಾಗಿ ನಿಲ್ಲುವಂತೆ ತೂತು ಕೊರೆಯುವುದು, ಎಲ್ಲವೂ ಸಣ್ಣ ಖರ್ಚಿನಲ್ಲಿ ಕೈಗೆ ಬರುತ್ತದೆ. ತೇಗವನ್ನು ಅದರ ಪೆಟ್ಟಿಗೆಗೆ ಬಳಸಿ ನೋಡಿ, ಅಲ್ಲಿ ನಷ್ಟವಿಲ್ಲ.

ವರ್ಜಿನಲ್‌ಗೆ ಕೈ ಹಾಕಿದಾಗ, ತಳ ಮುಚ್ಚುವ ಮೊದಲು ಒಳಗಿನ ಪಕ್ಕೆಗಳ ಫೋಟೊ, ನಾಲ್ಕೈದು ಕಡೆ ಅಳೆದ ಹಲಗೆಯ ದಪ್ಪ ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.