ಡ್ರಮ್ ಇಲ್ಲದ ಮೆಟಲ್ ಹಿಡಿಸಿದ್ದರ ಬಗ್ಗೆ

ಇಷ್ಟು ವರ್ಷ ಇಂಪಾದ ಹಾಡುಗಳನ್ನೇ ಕೇಳುತ್ತಿದ್ದವರಿಗೆ ತಾಳವೂ ಇಲ್ಲದ, ಹಾಡುಗಾರನೂ ಇಲ್ಲದ ಡ್ರೋನ್ ಮೆಟಲ್ (ಗಿಟಾರಿನ ಭಾರೀ ಸದ್ದನ್ನು ಉದ್ದಕ್ಕೆ ಎಳೆಯುವ ಮೆಟಲ್ ಸಂಗೀತ) ಯಾಕೆ ಹಿಡಿಸ್ತಿದೆ, ಮುಂದೆ ಏನು ಕೇಳಲಿ ಅಂತ ಕೇಳಿದ್ದೀರಿ. ತಲೆ ಕೆಟ್ಟಿಲ್ಲ, ಚಿಂತೆ ಬಿಡಿ.

ಮೇಲ್ನೋಟಕ್ಕೆ ಅಲ್ಲಿ ಏನೂ ನಡೀತಿಲ್ಲ ಅನ್ನಿಸುತ್ತೆ. ಒಂದೇ ಕಾರ್ಡ್ (ಒಟ್ಟಿಗೆ ನುಡಿಸಿದ ಕೆಲವು ಸ್ವರ) ಎಳೆಯುವಾಗ ಅದರೊಳಗೆ ಕಿವಿ ಇಡಿ: ಡಿಸ್ಟಾರ್ಷನ್‌ನಿಂದ, ಅಂದರೆ ಸದ್ದನ್ನು ಬೇಕಂತಲೇ ಒರಟಾಗಿಸೋದರಿಂದ, ಹುಟ್ಟಿದ ಉಪಸ್ವರಗಳು ಒಂದಕ್ಕೊಂದು ತಾಗಿ ವೊಂವೊಂ ಅಂತ ತೂಗುತ್ತವೆ, ತಂತಿಯ ಸದ್ದು ಇಳಿಯೋ ಹೊತ್ತಿಗೆ ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಮತ್ತೆ ಗಿಟಾರಿಗೇ ಹೊಕ್ಕು ಹುಟ್ಟುವ ಕೂಗು) ಮೆಲ್ಲಗೆ ಮೇಲೇಳುತ್ತೆ. ತಂಬೂರಿಯ ಪಕ್ಕ ಕೂತು ಕೇಳಿದವರಿಗೆ ಇದು ತೀರಾ ಹೊಸದಲ್ಲ.

ದಯವಿಟ್ಟು ಫೋನ್ ಸ್ಪೀಕರಲ್ಲಿ ಮಾತ್ರ ಕೇಳಬೇಡಿ. ಇಂಥ ಸಂಗೀತದಲ್ಲಿ ಕೆಲವರು ಮಾಡುವ ಹಾಗೆ ಗಿಟಾರಿನ ದಪ್ಪ ತಂತಿಯನ್ನು 'ಇ' ಸ್ವರದಿಂದ 'ಎ' ಸ್ವರಕ್ಕೆ ಇಳಿಸಿದರೆ 82 ಹರ್ಟ್ಸ್ ಇದ್ದದ್ದು 55ಕ್ಕೆ ಬರುತ್ತೆ. ಆ ಪುಟ್ಟ ಸ್ಪೀಕರಿಗೆ ಅದು ಎಟುಕೋದೇ ಇಲ್ಲ, ಬರೀ ಗೊರಗೊರ ಉಳಿಯುತ್ತೆ.

ಮೊದಲು ಅರ್ತ್ ತಂಡದ 'ಅರ್ತ್ 2' (1993) ಆಲ್ಬಮ್ ಕೇಳಿ. ಮೂರೇ ಟ್ರ್ಯಾಕ್, ಒಂದು ಗಂಟೆಗೂ ಮೇಲೆ. ಇದೇ ಬಗೆಯ ಇನ್ನೊಂದು ತಂಡ ಸನ್ (Sunn O)))) ಶುರುವಾದದ್ದೇ ಅರ್ತ್ ಮೇಲಿನ ಅಭಿಮಾನದಿಂದ. ಸನ್ ಅನ್ನೋ ಹೆಸರು ಒಂದು ಆಂಪ್ಲಿಫೈಯರ್ ಬ್ರ್ಯಾಂಡಿನದು. ಇದು ಅತಿಯಾಯ್ತು ಅನ್ನಿಸಿದರೆ ಸ್ಲೀಪ್ ತಂಡದ 'ಡೋಪ್‌ಸ್ಮೋಕರ್' ಕೇಳಿ. ಅದೂ ಗಂಟೆಯುದ್ದದ ಒಂದೇ ಹಾಡು, ಆದರೆ ಡ್ರಮ್, ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಎರಡೂ ಇವೆ. ಜಪಾನಿನ ಬೋರಿಸ್ ತಂಡ ಆಮೇಲೆ. ಅವರದು ಒಂದು ಆಲ್ಬಮ್ ಇದ್ದಂತೆ ಇನ್ನೊಂದಿಲ್ಲ, ಎಲ್ಲವೂ ಹಿಡಿಸಲೇಬೇಕು ಅಂತೇನಿಲ್ಲ.